ಸುಲ್ತಾನರ ಮನೆಯ ಬಾಡಿಗೆದಾರರು

ಗೋವಾ ಸರ್ಕಾರದ ಸಾಧನೆಗಳ ಜಾಹೀರಾತಿನಲ್ಲಿ ಎಂದೂ ಅಚ್ಚಾಗದ ಸಾಧನೆಯೊಂದಿದೆ. ಹಳೆಯ ವಸ್ತುಗಳನ್ನು ಜೋಪಾನ ಮಾಡಲೆಂದು ಅದು ಪಣಜಿಯ ಪಾಟೋದಲ್ಲಿ ಹೊಸ ಕಟ್ಟಡ ಕಟ್ಟಿಸಿತು. 1996ರಲ್ಲಿ ಸಾಕ್ಷಾತ್ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಬಂದು ಉದ್ಘಾಟಿಸಿದರು. ಕಾಲು ಶತಮಾನ ತುಂಬುವಷ್ಟರಲ್ಲಿ ಆ ಕಟ್ಟಡ ತನ್ನೊಳಗಿನ ವಸ್ತುಗಳಿಗಿಂತ ಮುದಿಯಾಯಿತು. ಕದಂಬರ ಕಾಲದ ವೀರಗಲ್ಲಿಗೆ ಏನೂ ಆಗಿರಲಿಲ್ಲ. ಅದರ ನೆತ್ತಿಯ ಮೇಲಿನ ಸ್ಲ್ಯಾಬಿಗೆ ಮಾತ್ರ ಇನ್ನು ನಿಲ್ಲುವ ಉತ್ಸಾಹ ಉಳಿದಿರಲಿಲ್ಲ. ಅಪಾಯ, ಅಪಾಯ ಎಂದಾಗಿ ಗೋವಾ ರಾಜ್ಯ ವಸ್ತುಸಂಗ್ರಹಾಲಯ ಗಂಟುಮೂಟೆ ಕಟ್ಟಿಕೊಂಡು ಮಾಂಡೋವಿ ದಂಡೆಯ ಹಳೇ ಸೆಕ್ರೆಟರಿಯೇಟಿಗೆ ಬಂದಿಳಿಯಿತು. ಅಂದರೆ ಆದಿಲ್ ಶಾಹಿ ಅರಮನೆಗೆ. ಅಂದರೆ, ಗೋವಾದಲ್ಲಿರುವ ನಾವು ಕನ್ನಡಿಗರು ಮೀಸೆ ತಿರುವಿ ಹೇಳುವ ಹಾಗೆ, 'ನಮ್ಮ ವಿಜಾಪುರದವರ ಮನೆ'ಗೆ.

ಈ 'ನಮ್ಮ'ದ ಬಗ್ಗೆ ಒಂದು ಮಾತು. ಊರಲ್ಲಿದ್ದಾಗ ಗೋಳಗುಮ್ಮಟಕ್ಕೆ ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಕೂಗಿ ಬಂದದ್ದು ಬಿಟ್ಟರೆ ಆದಿಲ್ ಶಾಹಿಗಳ ಉಸಾಬರಿಗೇ ಹೋಗದವರು, ಪಣಜಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಯೂಸುಫ್ ಆದಿಲ್ ಶಾಹನ ನೇರ ವಾರಸುದಾರರಾಗಿಬಿಡುತ್ತೇವೆ. ಆ ಬಸ್ಸಿನ ಮೇಲೂ 'ಕದಂಬ' ಎಂದೇ ಬರೆದಿರುವುದರಿಂದ ಹಕ್ಕು ಇನ್ನಷ್ಟು ಗಟ್ಟಿ.

ಈ ಮನೆಗೆ ಬಂದುಹೋದ ಬಾಡಿಗೆದಾರರನ್ನು ನೋಡಿ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಬಂದು ಆದಿಲ್ ಶಾಹಿಗಳಿಂದ ಗೋವಾ ಕಿತ್ತುಕೊಂಡ. ಮುಂದೆ ಹಳೇ ಗೋವಾದಲ್ಲಿ ರೋಗರುಜಿನ ಹೆಚ್ಚಿ ಜನ ಊರು ಬಿಟ್ಟಾಗ, 1759ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಇಲ್ಲಿಗೆ ಬಿಡಾರ ಬದಲಿಸಿದ. ಅಲ್ಲಿಂದ 1918ರವರೆಗೆ, ನೂರೈವತ್ತೊಂಬತ್ತು ವರ್ಷ, ಗೋವಾವನ್ನು ಆಳಿದವರ ಅಧಿಕೃತ ನಿವಾಸ ಇದೇ. ಆಮೇಲೆ ಅವರಿಗೆ ಕಾಬೊದ ತುದಿಯ ಸಮುದ್ರದ ಗಾಳಿ ಹಿಡಿಸಿತು, ಅತ್ತ ಹೋದರು. ಈಗಿನ ರಾಜ್ಯಪಾಲರಿಗೂ ಅಲ್ಲಿಯದೇ ಗಾಳಿ. 1961ರ ನಂತರ ಇಲ್ಲಿ ನಮ್ಮ ಮಂತ್ರಿಗಳು ಬಂದರು, ಫೈಲುಗಳು ಬಂದವು, ವಿಧಾನಸಭೆ ಬಂತು. 2000ದಲ್ಲಿ ಅವರಿಗೂ ಹೊಳೆಯಾಚೆಯ ಪರ್ವರಿ ಗುಡ್ಡ ಹಿಡಿಸಿತು. ಅಧಿಕಾರ ಉಳ್ಳವರು ಒಬ್ಬೊಬ್ಬರಾಗಿ ಎತ್ತರದ, ಗಾಳಿ ಬೆಳಕಿನ ಜಾಗ ಹುಡುಕಿಕೊಂಡು ಹೋದ ಮೇಲೆ ಖಾಲಿ ಬಿದ್ದ ಮನೆಗೆ ಯಾರನ್ನು ಕಳಿಸುವುದು? ಓಟಿಲ್ಲದವರನ್ನು. ವೀರಗಲ್ಲಿಗೆ ಓಟಿಲ್ಲ.

ಪೋರ್ಚುಗೀಸರ ಒಂದು ದಡ್ಡತನ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಶತ್ರುವಿನ ಮನೆ ಕಿತ್ತುಕೊಂಡರು, ಒಡೆದು ತಿದ್ದಿ ಕಟ್ಟಿದರು, ಒಳಗೆ ಕೂತು ಆಳಿದರು. ಆದರೆ ತಮ್ಮ ಭಾಷೆಯಲ್ಲೂ ಅದನ್ನು ಕರೆದದ್ದು ಇದಲ್ಕಾಂವನ ಅರಮನೆ, ಅಂದರೆ ಆದಿಲ್ ಖಾನನದೇ ಅರಮನೆ! ಅವರಿಗೆ ನಮ್ಮ ಒಬ್ಬ ಕಾರ್ಪೊರೇಟರ್ ಪರಿಚಯವಿದ್ದಿದ್ದರೆ ಸಾಕಿತ್ತು. ಮೂರು ಕಬ್ಬಿಣದ ಕಂಬ, ಒಂದು ತಗಡು ಹೊದಿಸಿದ ಬಸ್ ತಂಗುದಾಣಕ್ಕೂ ಯಾರ ಅನುದಾನ, ಯಾರ ಪ್ರೇರಣೆ, ಯಾರ ಅಮೃತಹಸ್ತ ಎಂದು ಫೋಟೊ ಸಮೇತ ಬರೆಸುವ ವಿದ್ಯೆ ಹೇಳಿಕೊಡುತ್ತಿದ್ದ.

ಅರಮನೆಯ ಪಕ್ಕದಲ್ಲೇ ಅಬ್ಬೆ ಫಾರಿಯಾ ನಿಂತಿದ್ದಾನೆ. ಸಮ್ಮೋಹನ ವಿದ್ಯೆಯ ಶೋಧಕರಲ್ಲಿ ಒಬ್ಬನೆಂದು ಯುರೋಪಿನಲ್ಲಿ ಹೆಸರು ಮಾಡಿದ ಗೋವಾದ ಪಾದ್ರಿ. ಎರಡೂ ಕೈ ಚಾಚಿ ಎದುರಿನ ಹೆಂಗಸನ್ನು ನಿದ್ದೆಗೆ ಕೆಡವುತ್ತಿರುವ ಆ ಕಂಚಿನ ಪ್ರತಿಮೆ 1945ರದು. ಅಷ್ಟು ವರ್ಷ ವಿಧಾನಸಭೆಯ ಮಗ್ಗುಲಲ್ಲೇ ಇಂಥವನನ್ನು ನಿಲ್ಲಿಸಿದವರ ದೂರದೃಷ್ಟಿಗೆ ಕೈಮುಗಿಯಬೇಕು. ಸಭೆ ಪರ್ವರಿಗೆ ಹೋದರೂ ಸಮ್ಮೋಹನ ಇಳಿದಂತಿಲ್ಲ: 2019ರಲ್ಲಿ ಕಾಂಗ್ರೆಸ್ಸಿನ ಹದಿನೈದು ಶಾಸಕರಲ್ಲಿ ಹತ್ತು ಮಂದಿ, 2022ರಲ್ಲಿ ಹನ್ನೊಂದರಲ್ಲಿ ಎಂಟು ಮಂದಿ ಒಟ್ಟೊಟ್ಟಿಗೆ ನಡೆದುಕೊಂಡು ಹೋಗಿ ಬಿಜೆಪಿಯಲ್ಲಿ ಎಚ್ಚರಗೊಂಡರು.

ಇನ್ನು ಸಂಗ್ರಹದ ವಿಷಯ. ಇನ್‌ಕ್ವಿಸಿಷನ್ ಕಾಲದ, ಕೆತ್ತನೆ ಕಾಲುಗಳ ದೊಡ್ಡ ಮೇಜು ಇವರ ಬಳಿಯಿದೆ. 1560ರಿಂದ 1812ರವರೆಗೆ, ನಡುವೆ ಕೆಲವೇ ವರ್ಷ ಬಿಟ್ಟು, ಧರ್ಮದ ಹೆಸರಲ್ಲಿ ಜನರನ್ನು ಗೋಳುಹೊಯ್ದ ನ್ಯಾಯಾಲಯದ ಮೇಜು ಅದು. ಆದರೆ ನನಗೆ ಅದಕ್ಕಿಂತ ಇಷ್ಟವಾದವು ಪೋರ್ಚುಗೀಸರ ಕಾಲದ ಲಾಟರಿ ಯಂತ್ರಗಳು. ಭಾರೀ ಗಾತ್ರದ ತಿರುಗುವ ಡ್ರಮ್ಮುಗಳು. ಸರ್ಕಾರವೇ ಮುಂದೆ ನಿಂತು ಜನರ ಅದೃಷ್ಟ ತಿರುಗಿಸುತ್ತಿದ್ದ ಕಾಲದವು. ಅವನ್ನು ಇತಿಹಾಸವೆಂದು ಜೋಪಾನ ಮಾಡಿರುವ ಸಂಸ್ಥೆಯ ಬಾಗಿಲಿಂದ ಹೊರಬಂದು ರಸ್ತೆ ದಾಟಿದರೆ ಮಾಂಡೋವಿ. ಅಲ್ಲಿ ಸಾಲಾಗಿ ಕ್ಯಾಸಿನೊ ಹಡಗುಗಳು. ರಾತ್ರಿಯಾದರೆ ಅವುಗಳ ದೀಪದಲ್ಲಿ ಅರಮನೆಯ ಗೋಡೆಯೇ ಬಣ್ಣ ಬದಲಿಸುತ್ತದೆ. ಈ ಹಡಗುಗಳನ್ನು ಮಾಂಡೋವಿಯಿಂದ ಎತ್ತಂಗಡಿ ಮಾಡುತ್ತೇವೆಂದು ಎಷ್ಟೋ ಸರ್ಕಾರಗಳು ಮಾತು ಕೊಟ್ಟವು, ಗಡುವು ಹಾಕಿದವು. ಹಡಗು ಅಲ್ಲೇ ಇದೆ, ತೇಲಿಕೊಂಡು ಮುಂದೆ ಹೋದದ್ದು ಗಡುವು ಮಾತ್ರ. ಪಾಯ ತೋಡಿ ನೆಲಕ್ಕೆ ಕಟ್ಟಿದ ಮ್ಯೂಸಿಯಂ ಜಾಗ ಬಿಟ್ಟು ಜಾಗಕ್ಕೆ ಬಂತು, ನೀರ ಮೇಲೆ ನಿಂತ ಜೂಜುಕಟ್ಟೆ ಒಂದು ಗೇಣು ಕದಲಲಿಲ್ಲ.

ಗೋವಾದವರು ಕ್ಯಾಸಿನೊದಲ್ಲಿ ಆಡಿ ಹಾಳಾಗಬಾರದೆಂದು 2020ರ ಫೆಬ್ರುವರಿಯಿಂದ ಅವರಿಗೆ ಅಲ್ಲಿ ಆಡಲು ಪ್ರವೇಶವಿಲ್ಲ. ಹಾಳಾಗುವ ಸೌಲಭ್ಯ ಈಗ ನೆರೆಹೊರೆಯವರಿಗೆ ಮೀಸಲು. ಮಾಂಡೋವಿಯೆಂದರೆ ನಮ್ಮ ಮಹದಾಯಿಯೇ ತಾನೆ? ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಗಾಗಿ ಹುಬ್ಬಳ್ಳಿ, ನರಗುಂದ, ನವಲಗುಂದದ ಮಂದಿ ಇನ್ನೂ ಬಾಯಿ ಬಾಯಿ ಬಿಡುತ್ತಿದ್ದಾರೆ. ಆದರೆ ಶುಕ್ರವಾರ ಸಂಜೆ ಹುಬ್ಬಳ್ಳಿ ಬೆಳಗಾವಿಯ ದುಡ್ಡು ಘಟ್ಟ ಇಳಿದು ಅದೇ ಹೊಳೆ ಸೇರಲು ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಬೇಡ, ಯಾವ ರಾಜ್ಯದ ತಕರಾರೂ ಇಲ್ಲ.

ನಾನು ಹೋದ ದಿನ ಜೊತೆಗೆ ಮುದ್ದೇಬಿಹಾಳ ಕಡೆಯ ಗೌಂಡಿ ಕಾಕಾ ಒಬ್ಬರಿದ್ದರು. ಝುವಾರಿನಗರದಲ್ಲಿ ಖೋಲಿ ಮಾಡಿಕೊಂಡಿರುವ ಅವರು ಸ್ಮಾರ್ಟ್ ಸಿಟಿ ಹೆಸರಲ್ಲಿ ಪಣಜಿಯ ರಸ್ತೆಗಳನ್ನು ಅಗೆದವರಲ್ಲಿ ಒಬ್ಬರು. "ನಮ್ಮ ಊರಾನ ರಾಜಾ ಕಟ್ಟಿಸಿದ್ದಂದ್ರ ನಮಗ್ಯಾಕ ತಿಕೀಟ ಕೇಳ್ತಾರ್ರಿ?" ಎಂದು ಬಾಗಿಲಲ್ಲೇ ಒಂದು ಕಾನೂನು ಪ್ರಶ್ನೆ ಎತ್ತಿದರು. ಒಳಗೆ ಮೂರ್ತಿಗಳ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಕಟಕ ಬಡಿದರು. ಕಿಟಕಿಯ ಸಂದಿನಲ್ಲಿ ಮೊಳ ಹಾಕಿ ಗೋಡೆಯ ದಪ್ಪ ಅಳೆದರು. ಸುಣ್ಣ ಉದುರಿದ ಒಂದು ಮೂಲೆಯಲ್ಲಿ ಹೆಬ್ಬೆರಳಿಂದ ಉಜ್ಜಿ, ಮೂಸಿ ನೋಡಿದರು. ಕಾವಲಿನವನು ಕೊಂಕಣಿಯಲ್ಲಿ ಗದರಿದ. ಕಾಕಾ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಕೆಂಪಗಲ್ಲರೀ ಸರ. ಸುಣ್ಣದ ಗಾರಿ. ಅಲ್ಲಿ ಆ ಹೊಸಾದು ಯಾಕ ಕೆಟ್ಟಿತಂತ?"

ನನಗೆ ತಿಳಿದಷ್ಟು ಹೇಳಿದೆ. ಕಡಲ ಸೀಮೆಯ ಗಾಳಿಯಲ್ಲಿ ಉಪ್ಪಿರುತ್ತದೆ, ಅದು ಕಾಂಕ್ರೀಟಿನೊಳಗೆ ಇಳಿದರೆ ಸರಳಿಗೆ ತುಕ್ಕು ಹತ್ತುತ್ತದೆ, ತುಕ್ಕು ಹತ್ತಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ ಎಂದೆಲ್ಲ.

ಕಾಕಾ ಕಿಟಕಿಯಾಚೆ ನೋಡಿದರು. ಎದುರಿಗೇ ಹೊಳೆ, ಹೊಳೆಯ ಆಚೆ ತುದಿಗೆ ಸಮುದ್ರ.

"ಮತ್ತ ಆ ಗಾಳಿ ಈ ಕಡೆ ಬೀಸಂಗಿಲ್ಲೇನ್ರಿ?"

ಬಹುಶಃ ಐನೂರು ವರ್ಷದ ಹಿಂದೆ ಗುತ್ತಿಗೆದಾರರ ಸಂಘ ಇರಲಿಲ್ಲ, ಪರ್ಸೆಂಟೇಜು ಇರಲಿಲ್ಲ, ಕೆಲಸ ಕೆಟ್ಟರೆ ಸುಲ್ತಾನ ಶೋಕಾಸ್ ನೋಟಿಸು ಕೊಡುತ್ತಿರಲಿಲ್ಲ, ಬೇರೆ ಏನೋ ತೆಗೆಯುತ್ತಿದ್ದ ಎಂದೆ. ಕಾಕಾ ನಗಲಿಲ್ಲ. ಮೂವತ್ತು ವರ್ಷ ಗುತ್ತಿಗೆದಾರರ ಕೈಕೆಳಗೆ ದುಡಿದವರಿಗೆ ಇದು ನಗೆಯ ವಿಷಯವಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ, ಪಾಟೋದಲ್ಲಿ ಆ ಕಟ್ಟಡ ಕೆಡವಿ ಹೊಸ ಮ್ಯೂಸಿಯಂ ಕಟ್ಟುವ ಮಾತಿದೆ ಎಂದೆ. ಕಾಕಾ ಮುಖ ಅರಳಿತು.

"ಚಲೋ ಆತು. ಕೆಡವಾಕೂ ನಾವ, ಕಟ್ಟಾಕೂ ನಾವ." ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟು, ಅರಮನೆಯ ಕಡೆ ಗದ್ದ ಎತ್ತಿ ತೋರಿಸಿದರು. "ಆದ್ರ ಸರ, ಇದನ್ನ ಮಾತ್ರ ಯಾರೂ ರಿಪೇರಿ ಮಾಡದಂಗ ನೋಡ್ಕೋರಿ. ಹೊಸಾದು ಮತ್ತ ಬೀಳಾಕ ಬಂದಾಗ ಸಾಮಾನ ಎಲ್ಲಿ ಇಡೋದ್ರಿ?"