ಬಾಗಿಲಲ್ಲಿ ನೇತಾಡಿದವರು

ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ 14 ವರ್ಷ ಮುಂಬೈ ಲೋಕಲ್ ಟ್ರೇನಿನ ಹ್ಯಾಂಡಲಿಗೆ ಜೋತುಬಿದ್ದವನು ನಾನು. ರಾಡಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವ ಪುಲ್-ಅಪ್ ಏನು ಮಹಾ ಅಂದುಕೊಂಡಿದ್ದೆ. ಇಷ್ಟು ವರ್ಷ ನನ್ನನ್ನು ಎತ್ತಿ ಹಿಡಿದಿದ್ದು ನನ್ನ ತೋಳಲ್ಲ, ಸುತ್ತಲಿನ ಜನ ಅಂತ ಗೊತ್ತಾದದ್ದು ಮನೆಗೆ ರಾಡ್ ಬಂದ ಮೇಲೆ.

ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿ ಮಾಡುವ ರಾಡ್ ಅದು. ಎರಡು ತುದಿಗೂ ರಬ್ಬರ್. ಡ್ರಿಲ್ ಬೇಡ, ತೂತು ಬೇಡ. ಬಾಡಿಗೆ ಮನೆಯ ಡಿಪಾಸಿಟ್ ಕ್ಷೇಮ. ನಾನು ಆರಿಸಿದ್ದು ಬಚ್ಚಲ ಬಾಗಿಲು. ಅದರ ಚೌಕಟ್ಟು ಮರದ್ದಲ್ಲ, ನುಣ್ಣನೆಯ ಗ್ರಾನೈಟು. ಹೆಂಡತಿ ಆಗಷ್ಟೇ ಬಿಸಿನೀರಿನ ಸ್ನಾನ ಮುಗಿಸಿದ್ದಳು, ಕಲ್ಲು ಬೆವೆತಿತ್ತು. ನಾನು ರಾಡಿಗೆ ಕೈ ಹಾಕಿದೆ. ಅದು ಕೈ ಕೊಟ್ಟಿತು.

ಕಣ್ಣು ಬಿಟ್ಟಾಗ ನೀಲಿ ಬಕೆಟಿನೊಳಗೆ ಕೂತಿದ್ದೆ. ರಾಡ್ ಮಾತ್ರ ಇನ್ನೂ ಕೈಯಲ್ಲೇ ಇತ್ತು. ಕೆಳಗಿನ ಮನೆಯ ಮರಾಠಿ ಕಾಕು (ಚಿಕ್ಕಮ್ಮ) ಓಡಿ ಬಂದರು. 'ಕಾಯ್ ಝಾಲಂ?' (ಏನಾಯ್ತು?) ಅಂದರು. 'ಕಾಹೀ ನಾಹೀ ಕಾಕು, ವ್ಯಾಯಾಮ' (ಏನಿಲ್ಲ ಕಾಕು, ವ್ಯಾಯಾಮ) ಅಂದಳು ಹೆಂಡತಿ. ನಗು ತಡೆದ ಅವಳ ಹೊಟ್ಟೆಗೇ ಜಾಸ್ತಿ ವ್ಯಾಯಾಮವಾಗಿರಬೇಕು.

ಆಮೇಲೆ ರಾಡ್ ರೂಮಿನ ಮರದ ಚೌಕಟ್ಟಿಗೆ ಹೋಯಿತು. ದಂಡ ಹೊಡೆಯುವಾಗ ಮೈಭಾರದಲ್ಲಿ ಮೂರರಲ್ಲಿ ಒಂದು ಪಾಲನ್ನು ಕಾಲುಗಳೇ ಹೊತ್ತುಕೊಳ್ಳುತ್ತವೆ. ಪುಲ್-ಅಪ್‌ನಲ್ಲಿ ಆ ರಿಯಾಯಿತಿ ಇಲ್ಲ. ನನ್ನ 82 ಕಿಲೋ, ಗಣೇಶ ಚೌತಿಯ ಕಡುಬಿನ ಸಮೇತ, ಪೂರ್ತಿ ತೋಳು-ಬೆನ್ನಿನ ಮೇಲೆ. 'ಏರೋಕೆ ಆಗದಿದ್ರೆ ಸ್ಟೂಲ್ ಹತ್ತಿ ನಿಧಾನವಾಗಿ ಇಳಿ ಅಪ್ಪಾ, ಇಳಿಯುವಾಗ ಸ್ನಾಯು ಜಾಸ್ತಿ ಭಾರ ತಾಳುತ್ತೆ' ಅಂದ ಮಗ. ಐದು ಎಣಿಸುತ್ತಾ ಇಳಿಯಬೇಕಂತೆ. ನಾನು ಎರಡು ಅನ್ನುವಷ್ಟರಲ್ಲಿ ನೆಲದ ಮೇಲಿರುತ್ತಿದ್ದೆ. ಸುಮ್ನೆ ಜೋತುಬೀಳುವುದರಲ್ಲಿ ಮಾತ್ರ ದಾಖಲೆ ಮಾಡಿದೆ: 22 ಸೆಕೆಂಡ್.

ಅಷ್ಟರಲ್ಲಿ ಕುಮಟಾದಿಂದ ಅಮ್ಮ ಬಂದಳು, ಜೊತೆಗೆ ಗೋಣಿಯಲ್ಲಿ ಸುತ್ತಿದ ಪುಟ್ಟಬಾಳೆ ಗೊನೆ. ಒಳಗೆ ಕಾಲಿಟ್ಟವಳೇ ರಾಡ್ ನೋಡಿ ಮುಖ ಅರಳಿಸಿದಳು. 'ಅಂತೂ ಈ ಮನೆಯಲ್ಲಿ ಗೊನೆ ಕಟ್ಟೋಕೆ ಒಂದು ಜಾಗ ಮಾಡಿದ್ಯಲ್ಲ, ಮಗಾ!'

ಎಂಟು ದಿನ ಗೊನೆ ಅಲ್ಲೇ ನೇತಾಡಿತು. ನಡುಗಲಿಲ್ಲ, ಏದುಸಿರು ಬಿಡಲಿಲ್ಲ. ಕೆಳಗಿನಿಂದ ತಲೆ ಬಗ್ಗಿಸಿ ಹೋಗುವಾಗಲೆಲ್ಲ ನಾನೇ ಒಂದೊಂದು ಹಣ್ಣು ಕಿತ್ತು ತಿಂದೆ. ನಿನ್ನೆ ಕೊನೆಯ ಚಿಪ್ಪೂ ಮುಗಿಯಿತು. ರಾಡ್ ಖಾಲಿಯಾಗಿದೆ. ಗೊನೆಯ ಭಾರ ಈಗ ನನ್ನ ಹೊಟ್ಟೆಯಲ್ಲಿದೆ; ನಾಳೆ ಅದನ್ನೂ ಸೇರಿಸಿ ಎತ್ತಬೇಕು.