ಖರಹರಪ್ರಿಯ ಎಲ್ಲಿ ಹೋಯ್ತು?

ಮಗಳು ಈ ಸಲ ಸಂಗೀತದ ಸೀನಿಯರ್ ಪರೀಕ್ಷೆ ಕಟ್ಟಿದ್ದಾಳೆ. ಹಾಡೋದಕ್ಕೆ ಹೆದರಿಕೆಯಿಲ್ಲ. ಶಾಸ್ತ್ರದ ಪೇಪರ್ ಅಂದ್ರೆ ಮಾತ್ರ ಮುಖ ಸಪ್ಪಗಾಗುತ್ತದೆ. ಮೊನ್ನೆ ರಾತ್ರಿ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದೆ. "ಅಮ್ಮಾ, ಖರಹರಪ್ರಿಯ ಎಷ್ಟನೇ ಮೇಳ?" ಅಂದಳು. ಮೇಳ ಅಂದ್ರೆ ಕರ್ನಾಟಕ ಸಂಗೀತದ 72 ತಾಯಿರಾಗಗಳು, ಖರಹರಪ್ರಿಯ ಅದರಲ್ಲೊಂದು. ಉತ್ತರ ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಹೆಸರಲ್ಲೇ ಇದೆ. ಪುಸ್ತಕ ತೆಗೆದು ಕಟಪಯಾದಿ ನೋಡು" ಅಂದೆ.

ಗೊಣಗಿಕೊಂಡೇ ನೋಡಿದಳು. ಒಂದೊಂದು ಅಕ್ಷರಕ್ಕೂ ಒಂದು ಅಂಕಿ. ರಾಗದ ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ಬರೆದು, ತಿರುಗಿಸಿದರೆ ಮೇಳದ ನಂಬರ್. ಖ 2, ರ 2. ತಿರುಗಿಸಿದರೂ 22. ಮಾಯಾಮಾಳವಗೌಳಕ್ಕೆ ಮ 5, ಯ 1, ಅಂದ್ರೆ 15. ಆಮೇಲೆ ಅವಳು ನಿಲ್ಲಲೇ ಇಲ್ಲ. ಧೀರಶಂಕರಾಭರಣ 29, ಮೇಚಕಲ್ಯಾಣಿ 65... ಊಟಕ್ಕೆ ಕರೆದರೂ ಬರಲಿಲ್ಲ. ನಾನೇ ಹೇಳಿಬಿಟ್ಟಿದ್ದರೆ ಅವಳಿಗೆ 22 ಅನ್ನೋದೊಂದೇ ಸಿಗುತ್ತಿತ್ತು.

ಪುಸ್ತಕ ನೋಡು ಅಂತ ಇಷ್ಟು ಜೋರು ಮಾಡುವ ನಾನೇ ಒಂದ್ಸಲ ಪುಸ್ತಕ ನೋಡಿ ಎಡವಿದ್ದೆ ಅನ್ನೋದನ್ನ ಅವಳಿಗೆ ಹೇಳಿಲ್ಲ. ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಾಪುರದಲ್ಲಿ ಅಚ್ಚಾದದ್ದು, ತೆಲುಗು ಲಿಪಿ. ಅದರ ಒಂದಷ್ಟು ಪುಟಗಳ ಝೆರಾಕ್ಸ್ ಸಿಕ್ಕಿತ್ತು. ನಮ್ಮ ಲಿಪಿಗೆ ಹತ್ತಿರ ಅಲ್ವಾ, ಬೆರಳಿಟ್ಟು ಅಕ್ಷರ ಕೂಡಿಸಿ ಓದಿದೆ. ಮೇಳಗಳ ಪಟ್ಟಿಯಲ್ಲಿ ಖರಹರಪ್ರಿಯ ಇಲ್ಲ! 22ನೇ ಜಾಗದಲ್ಲಿ ಶ್ರೀರಾಗ ಕೂತಿದೆ. ನಾವು ಕಲಿತದ್ದೇ ತಪ್ಪು ಅಂತ ಮರುದಿನ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ.

ಮೇಷ್ಟ್ರು ನಕ್ಕರು. "ಅದು ಯಾರ ಮನೆ ಪುಸ್ತಕ ಅಂತ ನೋಡಿದ್ಯೇನಮ್ಮಾ?"

ನೋಡಿರಲಿಲ್ಲ. ಬರೆದವರು ಮುತ್ತುಸ್ವಾಮಿ ದೀಕ್ಷಿತರ ಮನೆತನದವರು. ಆ ಪರಂಪರೆಯಲ್ಲಿ ಮೇಳಗಳ ಹೆಸರುಗಳೇ ಬೇರೆ. ನಮ್ಮ ಕನಕಾಂಗಿ ಅಲ್ಲಿ ಕನಕಾಂಬರಿ, ಹನುಮತೋಡಿ ಅಲ್ಲಿ ಜನತೋಡಿ. ಲೆಕ್ಕ ಹಾಕಿ ನೋಡಿ, ಹ 8, ನ 0. ಜ 8, ನ 0. ಎರಡೂ 8ನೇ ಮೇಳವೇ. ತ್ಯಾಗರಾಜರು ಮನಸಾರೆ ಹಾಡಿದ ಖರಹರಪ್ರಿಯ ಈ ಮನೆಯ ಪಟ್ಟಿಯಲ್ಲಿ ಸಿಗುವುದಿಲ್ಲ. ಅವತ್ತಿನಿಂದ ಯಾವ ಪುಸ್ತಕ ಹಿಡಿದರೂ ಮೊದಲು ಮುನ್ನುಡಿ ಓದುತ್ತೇನೆ. ಎರಡು ಪುಸ್ತಕ ಜಗಳ ಆಡಿದರೆ ಈಗ ಖುಷಿಯೇ ಜಾಸ್ತಿ.

"ರುದ್ರಪಟ್ಟಣ ಇರೋ ಜಿಲ್ಲೆಯವರು ನೀವು, ಕಿವಿಯಲ್ಲಿ ಕಲಿಯೋ ವಿದ್ಯೆಗೆ ಪುಸ್ತಕ ಯಾಕ್ರೀ?" ಅಂತ ಗೆಳತಿಯೊಬ್ಬರು ಕೇಳಿದರು. ರುದ್ರಪಟ್ಟಣ ಅಂದ್ರೆ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆ. ಗೆಳತಿಯ ಮಾತಲ್ಲೂ ನಿಜ ಇದೆ. ಭೈರವಿ ರಾಗದಲ್ಲಿ ಎರಡು ಬಗೆಯ ಧೈವತ, ಅಂದ್ರೆ 'ಧ' ಸ್ವರ, ಹತ್ತುವಾಗ ಚತುಃಶ್ರುತಿ, ಇಳಿಯುವಾಗ ಶುದ್ಧ, ಇಷ್ಟನ್ನು ಪುಸ್ತಕ ಹೇಳುತ್ತದೆ. ಸ್ವರವನ್ನು ಎಷ್ಟು ತೂಗಬೇಕು ಅನ್ನೋದಕ್ಕೆ ಗುರುಗಳ ಎದುರೇ ಕೂರಬೇಕು. ಅದಕ್ಕೇ ಹೇಳ್ತಿರೋದು, ಪುಸ್ತಕದಲ್ಲಿ ಸಿಗುವ ನಂಬರಿಗೆಲ್ಲ ಮೇಷ್ಟ್ರ ತಲೆ ತಿನ್ನೋದು ಯಾಕೆ? ಕ್ಲಾಸಿನ ಒಂದು ಗಂಟೆ ಹಾಡೋದಕ್ಕೇ ಸಾಲದು.

ಮೊನ್ನೆ ರಾತ್ರಿಗೇ ಬರುತ್ತೇನೆ. ಒಳಗಿಂದ ಕೂಗು: "ಅಮ್ಮಾ, ಸಿಂಹೇಂದ್ರಮಧ್ಯಮಕ್ಕೆ 87 ಬಂತು! ಇರೋದೇ 72 ಅಲ್ವಾ?" ಸ 7, ಹ 8 ಅಂತ ಹಿಡಿದಿದ್ದಾಳೆ. ನಾನು ತುಟಿ ಬಿಚ್ಚಲಿಲ್ಲ. ಪುಟ ಮಗುಚುವ ಸದ್ದು. ಹತ್ತು ನಿಮಿಷದ ಮೇಲೆ ಓಡಿ ಬಂದಳು. "'ಸಿಂ'ನಲ್ಲಿರೋ ಸೊನ್ನೆಯನ್ನ 'ಮ' ಅಂತ ಲೆಕ್ಕ ಹಾಕ್ಬೇಕಂತೆ. ಸ 7, ಮ 5. 57!"

ಕಾಳು ಹಿತುಕೋಕೆ ಬಾರೇ ಅಂದೆ. ಕೀರವಾಣಿ ಬಾಕಿ ಇದೆ ಅಂತ ಒಳಗೆ ಹೋದಳು.