ಗುಂಪು ಕಟ್ಟಿಕೊಂಡು ಹೋಗುವವನು ಎಲ್ಲಿ ನಡೆಯಬೇಕು?

ಚಾರಣಕ್ಕೆ ಜನರನ್ನು ಕರೆದುಕೊಂಡು ಹೋಗುವವನು ಎಲ್ಲರಿಗಿಂತ ಹಿಂದೆ ನಡೆಯಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಎಂಜಿನಿಯರ್ ಅಂತ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಹತ್ತಿದ್ದು ಈ ಚಾರಣದ ಹುಚ್ಚು. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ, ಇನ್ನೂ ಜಾಸ್ತಿಯಾಗಿದೆ. ಒಬ್ಬನೇ ಬೆಟ್ಟ ಹತ್ತುವುದು ನನಗೆ ಯಾವತ್ತೂ ರುಚಿಸಿಲ್ಲ. ನಾಲ್ಕು ಜನ ಹೊಸಬರು ಜೊತೆಗಿದ್ದರೇ ಖುಷಿ.

ಈಗ ಶುಕ್ರವಾರ ರಾತ್ರಿಯಾದರೆ ಸಾಕು, ಬೆಂಗಳೂರಿನಿಂದ ಟೆಂಪೋ ಟ್ರಾವೆಲರ್‌ಗಳು ಸಾಲಾಗಿ ಘಟ್ಟದ ಕಡೆ ಹೊರಡುತ್ತವೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಹುಡುಗ ಹುಡುಗಿಯರು ಕಾಡಿನ ಕಡೆ ಬರ್ತಿದ್ದಾರಲ್ಲ, ಒಳ್ಳೆಯದೇ. ಬೇಜಾರಾಗುವುದು ನಲವತ್ತು ಜನಕ್ಕೆ ಒಬ್ಬನೇ ಲೀಡರ್ ಇದ್ದು, ಅವನೂ ಮುಂದೆ ಮುಂದೆ ಓಡುವುದನ್ನು ಕಂಡಾಗ.

ಕುಮಾರ ಪರ್ವತವನ್ನೇ ತಗೊಳ್ಳಿ. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿಲೋಮೀಟರ್. ದಾರಿ ಮಧ್ಯೆ ಚಾರಣಿಗರಿಗೆ ಊಟ ಹಾಕುವ ಗಿರಿಗದ್ದೆ ಭಟ್ಟರ ಮನೆ ಹತ್ತಿರ ಬರುವವರೆಗೂ ದಟ್ಟ ಕಾಡು, ಬೇರು ಕಲ್ಲುಗಳ ಕಡಿದಾದ ಏರು. ಆಮೇಲೆ ನೆರಳೇ ಇಲ್ಲದ ಹುಲ್ಲುಗುಡ್ಡ. ಹೊಸಬರು ಸೋಲುವುದು ಅಲ್ಲಿ. ಆದರೆ ಬಾಯಿಬಿಟ್ಟು ಹೇಳುವುದಿಲ್ಲ, ನಾಚಿಕೆ. ಮೊದಲು ಮಾತು ನಿಲ್ಲುತ್ತದೆ. ಆಮೇಲೆ ಶೂ ಲೇಸ್ ಕಟ್ಟುವ ನೆಪದಲ್ಲಿ ಪದೇ ಪದೇ ಕೂರುತ್ತಾರೆ. ನೀರು ಬೇಕಾ ಅಂದರೆ ಬೇಡ ಅನ್ನುತ್ತಾರೆ. ಮುಂದೆ ಹೋದವನ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ.

ಒಮ್ಮೆ ಭಟ್ಟರ ಮನೆಯಿಂದ ಮೇಲಿರುವ ಕಲ್ಲುಮಂಟಪದ ಹತ್ತಿರ ನಮ್ಮ ಗುಂಪಿನ ಹುಡುಗಿಯೊಬ್ಬಳು ಕೂತೇಬಿಟ್ಟಳು. "ಸರ್, ನೀವೆಲ್ಲ ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ" ಅಂದಳು. ಕಾಡಿನಲ್ಲಿ ಯಾರನ್ನೂ ಒಂಟಿಯಾಗಿ ಕೂರಿಸಬಾರದು, ಐದು ನಿಮಿಷಕ್ಕೂ. "ನನಗೂ ಅವಸರ ಇಲ್ಲ ಕಣಮ್ಮ" ಅಂತ ಪಕ್ಕದಲ್ಲಿ ಕೂತೆ. ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು, ಒಂದು ಚೂರು ಬೆಲ್ಲ. ಕೈ ನಡುಕ ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಮುಂದಿನವರ ಜೊತೆ ದಾರಿ ಗೊತ್ತಿದ್ದ ಗೆಳೆಯನಿದ್ದ, ಅವರು ತುದಿ ನೋಡಿ ಬಂದರು. ನಾವಿಬ್ಬರು ನಿಧಾನಕ್ಕೆ ಭಟ್ಟರ ಮನೆಗೆ ಇಳಿದು ಅನ್ನ, ಸಾಂಬಾರು, ಮಜ್ಜಿಗೆ ಉಂಡೆವು. ಅವತ್ತು ನನಗೆ ಏನೂ ತಪ್ಪಿಹೋಯಿತು ಅಂತ ಅನ್ನಿಸಲಿಲ್ಲ.

ಇನ್ನೊಂದು ವಿಷಯ, ತಿರುಗುವ ಹೊತ್ತು. ಹೊರಡುವ ಮೊದಲೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ತುದಿ ಕಣ್ಣೆದುರು ಕಾಣುತ್ತಿರುವಾಗ ಯಾರಿಗೂ ತಲೆ ಸರಿಯಾಗಿ ಓಡುವುದಿಲ್ಲ. ಅದಕ್ಕೇ ಲೆಕ್ಕವನ್ನು ಕೆಳಗೇ ಮುಗಿಸಬೇಕು.

"ಆಗಲ್ಲ" ಅನ್ನುವ ಧೈರ್ಯವೂ ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ರೈಲು ನಿಲ್ಲಿಸಿದ್ದರು. ಆ ವರ್ಷಗಳಲ್ಲಿ ಎಷ್ಟೋ ಜನ ದೋಣಿಗಾಲ್‌ನಿಂದ ಯಡಕುಮೇರಿಗೆ ಹಳಿ ಹಿಡಿದು ನಡೆದರು. ಆ ಘಟ್ಟದಲ್ಲಿ 57 ಸುರಂಗ, ನೂರಕ್ಕೂ ಮೇಲೆ ಸೇತುವೆ. ಎಂಜಿನಿಯರ್ ಆದವನಿಗೆ ಅದು ಹಬ್ಬವೇ. ಈಗ ಅಲ್ಲಿ ಹಗಲೂ ರಾತ್ರಿ ರೈಲು ಓಡುತ್ತದೆ, ಹಳಿ ಮೇಲೆ ನಡೆಯುವುದು ಅಪರಾಧ. ಆದರೂ ಹಳೇ ಫೋಟೋ ನೋಡಿ "ಅಂಕಲ್, ಒಂದ್ಸಲ ಕರ್ಕೊಂಡು ಹೋಗಿ" ಅಂತ ಕೇಳುವವರಿದ್ದಾರೆ. ಇಲ್ಲಪ್ಪ, ರೈಲಿನಲ್ಲೇ ಕೂತು ಕಿಟಕಿಯಿಂದ ನೋಡಿ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ್ದು ನೆನಪಿರಬೇಕು. ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಬೈದವರು ತುಂಬಾ ಜನ. ನಾನು ಮಾತ್ರ ಇಲಾಖೆಯ ಪರ. ಜೊತೆಗೆ ಇನ್ನೊಂದು ನಿಯಮ ಬರಲಿ: ಹತ್ತು ಜನಕ್ಕೊಬ್ಬ ಲೀಡರ್, ಪ್ರಥಮ ಚಿಕಿತ್ಸೆ ಕಲಿತವನು. ರೇಟು ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ ಬಿಡಿ.

ಟ್ರೆಕ್ ನಡೆಸುವ ಹುಡುಗರು ಇದನ್ನು ಓದುತ್ತಿದ್ದರೆ, ಚೀಲದಲ್ಲಿ ಒಂದು ಸೀಟಿ, ಎರಡು ಟಾರ್ಚ್, ಇಂಬಳಕ್ಕೆ (ಜಿಗಣೆಗೆ) ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ನಶ್ಯ ಇಟ್ಟುಕೊಳ್ಳಿ. ಏನಾದರೂ ಕೇಳಬೇಕಿದ್ದರೆ ಮೆಸೇಜ್ ಮಾಡಿ. ಹಿಂದೆ ನಡೆಯಲು ಒಬ್ಬ ಬೇಕು ಅಂದರೂ ಕರೆಯಿರಿ, ಬರ್ತೀನಿ. ದುಡ್ಡು ಬೇಡ.